ತಾರಸಿ ಸಹಿತ

ಮಾರ್ಚ್ 4, ಸೋಮವಾರ

ಇವತ್ತು ನಮ್ಮ ಹಾಡಿನ ಡಿಸ್ಕಿನಂಗಡಿಗೆ ಎರಡು ಪೆಟ್ಟಿಗೆ ಬಂದವು. ಟೇಪು ಸೀಳಿ ತೆರೆದವಳು ನಾನೇ. ಒಳಗೆ ‘ಮೂರನೇ ಮಹಡಿ’. ಹಳೆಯ ಆಲ್ಬಮ್ಮನ್ನೇ ತಪ್ಪಿ ಕಳಿಸಿದ್ದಾರೆ ಅಂದುಕೊಂಡೆ. ಹೊದಿಕೆಯ ಮೇಲೆ ಅದೇ ಕಿಟಕಿ, ಅದೇ ಕೆಂಪು ಅಂಗಿ ತೊಟ್ಟ ಗಾಯಕಿ. ಮೂಲೆಯಲ್ಲಿ ಮಾತ್ರ ಚಿನ್ನದ ಬಣ್ಣದ ಚೀಟಿ: ‘ತಾರಸಿ ಸಹಿತ! ಇನ್ನೂ ಮೂರು ಹಾಡುಗಳು!’

ಮೊದಲಿನದು ಬಂದು ಐದು ತಿಂಗಳೂ ಆಗಿಲ್ಲ. ನಾನೂ ಅಕ್ಕನೂ ಎಷ್ಟೋ ದಿನ ಬಸ್ಸು ಬಿಟ್ಟು ನಡೆದುಕೊಂಡೇ ಕೆಲಸಕ್ಕೆ ಹೋಗಿ ಅದನ್ನು ಕೊಂಡಿದ್ದು. ಆ ಗಾಯಕಿ ಆಗ ಏನು ಹೇಳಿದ್ದಳು? ‘ನನ್ನ ಹತ್ತಿರ ಇದ್ದದ್ದೆಲ್ಲ ಈ ಹನ್ನೊಂದು ಹಾಡುಗಳಲ್ಲಿದೆ.’ ಒಳಗಿನ ಪುಸ್ತಿಕೆಯಲ್ಲಿ, ಅವಳದೇ ಕೈಬರಹದಲ್ಲಿ ಅಚ್ಚಾಗಿದೆ. ಇದ್ದದ್ದೆಲ್ಲ ಅಲ್ಲಿದ್ದರೆ ಈ ಮೂರು ಎಲ್ಲಿಂದ ಉದುರಿದವು? ಮೊದಲು ಮನೆ ಮಾರಿ, ಜನ ಸಾಮಾನು ಇಳಿಸಿ ಕೂತಮೇಲೆ ತಾರಸಿ ಬೇಕಿದ್ದರೆ ಇಡೀ ಮನೆಯನ್ನು ಮತ್ತೊಮ್ಮೆ ಕೊಳ್ಳಿ ಅಂದ ಹಾಗಾಯಿತು. ಆ ಮೂರು ಹಾಡು ಫೋನಿನಲ್ಲೂ ಸಿಗುವುದಿಲ್ಲವಂತೆ. ಡಿಸ್ಕಿನಲ್ಲಿ ಮಾತ್ರ.

ಸೂಜಿಮಾಮನಿಗೆ ಹೇಳಿದೆ. ಅಂಗಡಿ ಅವರದು. ಹಳೆಯ ರೆಕಾರ್ಡು ಪ್ಲೇಯರುಗಳ ಸೂಜಿ ಬದಲಾಯಿಸುತ್ತ ಇಡೀ ಬೀದಿಗೆ ಸೂಜಿಮಾಮ ಆದವರು. ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

“ನೀನು ಸಿಡುಕೋದು ಮುಗೀತಾ? ಮುಗಿದಿದ್ರೆ ಕಿಟಕಿಯಲ್ಲಿ ಜೋಡಿಸು.”

ಜೋಡಿಸಿದೆ. ಒಂದು ಸಾಲನ್ನು ಬೇಕೆಂದೇ ಬೆನ್ನು ತಿರುಗಿಸಿಟ್ಟೆ.

ಮನೆಗೆ ಬಂದರೆ ಅಮ್ಮ ಪರೀಕ್ಷೆಯ ಅರ್ಜಿ ತಂದಿದ್ದಾಳೆ. ಹತ್ತನೆಯದನ್ನು ಮನೆಯಿಂದಲೇ ಓದಿ ಬರೆಯಬಹುದಂತೆ. ಸಕ್ಕರೆ ಡಬ್ಬಿಯ ಕೆಳಗೆ ಅರ್ಧ ಕಾಣುವ ಹಾಗೆ ಇಟ್ಟಿದ್ದಳು. ಕಾಣಲಿಲ್ಲ ಅಂತ ನಟಿಸಲು ನನಗೆ ಬರುವುದಿಲ್ಲ. ತೆಗೆದು ಚೀಲಕ್ಕೆ ತುರುಕಿಕೊಂಡೆ.

ಮಾರ್ಚ್ 5, ಮಂಗಳವಾರ

ಸೂಜಿಮಾಮನ ಹತ್ತಿರ ನೀಲಿ ರಟ್ಟಿನ ಒಂದು ಪುಸ್ತಕವಿದೆ. ಹೊಸ ಆಲ್ಬಮ್ ಬರುವ ಮುಂಚೆಯೇ ‘ನನಗೊಂದು ತೆಗೆದಿಡಿ’ ಎಂದವರನ್ನು ಅದರಲ್ಲಿ ಬರೆದಿಡುತ್ತಾರೆ. ಹೆಸರು ಅವರಿಗೆ ನೆನಪಿರುವುದಿಲ್ಲ. ಆದ್ದರಿಂದ ‘ಲಿಫ್ಟಿನ ತಾತ’, ‘ಹಲ್ಲಿನ ಡಾಕ್ಟರು’, ‘ಹಳದಿ ಸ್ಕೂಟರು’, ‘ಜಗಳದ ಟೀಚರು’ ಎಂದು ಬರೆದು ಪಕ್ಕದಲ್ಲಿ ಫೋನ್ ನಂಬರು ಹಾಕುತ್ತಾರೆ. ‘ಮೂರನೇ ಮಹಡಿ’ಗೆ ಅರವತ್ತಮೂರು ಜನ. ಅವರೆಲ್ಲರ ಕೆಳಗೆ, ಲೆಕ್ಕಕ್ಕೆ ಸೇರದ ಕೊನೆಯ ಸಾಲು: ‘ನಮ್ಮ ಸಿಡುಕಿ ಮತ್ತು ಅವಳಕ್ಕ’.

ಆ ಪುಸ್ತಕವನ್ನು ನನ್ನ ಮುಂದಿಟ್ಟು ಎಲ್ಲರಿಗೂ ಫೋನ್ ಮಾಡು ಅಂದರು.

“ಅವರ ಹತ್ರ ಆಗ್ಲೇ ಇದೆಯಲ್ಲ ಮಾಮ.”

“ಅದಕ್ಕೇ ಮಾಡು ಅಂದಿದ್ದು. ಇಲ್ಲದವರಿಗೆ ಯಾಕೆ ಬೇಕು ತಾರಸಿ?”

“ಇದು ಮೋಸ.”

“ಬಂದಿದೆ ಅಂತ ತಿಳಿಸೋದು ಮೋಸ ಅಲ್ಲ. ತಗೊಳ್ಳಿ ಅಂತ ಕಾಲು ಹಿಡೀಬೇಡ. ಬಂದಿದೆ ಅನ್ನು, ಸಾಕು.”

ಬೇರೆ ಕಡೆ ಆಗಿದ್ದರೆ ಅಲ್ಲೇ ಏಪ್ರನ್ ಬಿಚ್ಚಿ ಹೊರಡುತ್ತಿದ್ದೆ. ಬೇಕರಿಯಲ್ಲಿ ನಿನ್ನೆಯ ಬ್ರೆಡ್ಡನ್ನು ನಿನ್ನೆಯದು ಅಂದೆ, ಬಿಟ್ಟೆ. ಫೋಟೊ ಸ್ಟುಡಿಯೋದಲ್ಲಿ ಮದುಮಗನ ಕಣ್ಣು ಮುಚ್ಚಿದೆ ಅಂದೆ, ಬಿಟ್ಟೆ. ಶಾಲೆಯದಂತೂ ಗೊತ್ತೇ ಇದೆ. ತಪಾಸಣೆಗೆ ಬಂದ ಅಧಿಕಾರಿಗೆ ವಾರಕ್ಕೊಮ್ಮೆ ಪ್ರಯೋಗಾಲಯಕ್ಕೆ ಕರೆದೊಯ್ಯುತ್ತೇವೆ ಅಂದರು. ಅದರ ಬೀಗ ತೆಗೆದದ್ದನ್ನೇ ನಾವು ನೋಡಿಲ್ಲ ಎಂದು ನಾನು ಎದ್ದು ನಿಂತು ಹೇಳಿದೆ. ಮುಖ್ಯೋಪಾಧ್ಯಾಯಿನಿ ಕ್ಷಮಾಪಣೆ ಪತ್ರ ಬರಿ ಅಂದರು. ಖಾಲಿ ಹಾಳೆ ಕೊಟ್ಟು ಬಂದವಳು ತಿರುಗಿ ಹೋಗಲಿಲ್ಲ. ನಾನು ಕ್ಷಮೆ ಕೇಳುವವಳಲ್ಲ.

ಇಲ್ಲಿ ಎಂಟು ತಿಂಗಳಾಯಿತು. ಬಿಡಲು ಮನಸ್ಸಿಲ್ಲ.

ಮಾರ್ಚ್ 6, ಬುಧವಾರ

ದಾರಿ ಹೊಳೆಯಿತು. ಫೋನ್ ಮಾಡು ಅಂದರಲ್ಲವೆ, ಮಾಡುತ್ತೇನೆ. ಆದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. “ಮೂರನೇ ಮಹಡಿ ಮತ್ತೆ ಬಂದಿದೆ. ಹನ್ನೊಂದು ಹಾಡು ನಿಮ್ಮ ಹತ್ರ ಇರೋವೇ. ಹೊಸವು ಮೂರು. ಅವೂ ಬರೀ ಉಳಿದದ್ದು ಬಳಿದದ್ದು.”

ಇಪ್ಪತ್ತೆರಡು ಜನರಿಗೆ ಹೇಳಿದೆ. ಹಲ್ಲಿನ ಡಾಕ್ಟರು ಯಾರದೋ ಬಾಯೊಳಗೆ ಕೈ ಇಟ್ಟುಕೊಂಡೇ ಮಾತಾಡಿದರು. “ಹೌದಾ? ಹಾಗಿದ್ರೆ ಬೇಡ ಬಿಡಮ್ಮ. ಬಾಯಿ ಮುಚ್ಚಬೇಡಿ! ನಿನಗಲ್ಲಮ್ಮ, ನಿನಗಲ್ಲ.” ಹಳದಿ ಸ್ಕೂಟರಿನವನು ಮಾತ್ರ ಜೋರು ಮಾಡಿದ: “ಏನ್ರೀ, ನೀವು ಅಂಗಡಿಯವರೋ, ಎದುರಂಗಡಿಯವರೋ? ನನಗೆ ಎರಡು ತೆಗೆದಿಡಿ.” ಎರಡು! ಒಂದನ್ನು ಕೇಳಲು, ಇನ್ನೊಂದನ್ನು ಪ್ಲಾಸ್ಟಿಕ್ಕು ಬಿಚ್ಚದೆ ಇಡಲು. ಇಂಥವರಿಂದಲೇ ಕಂಪನಿಯವರು ಕೊಬ್ಬಿರುವುದು.

ನಾನು ಕೆಲಸಕ್ಕೆ ಸೇರಿದ ದಿನ ಸೂಜಿಮಾಮ ಹೇಳಿಕೊಟ್ಟದ್ದು ಎರಡೇ ನಿಯಮ. ಗಿರಾಕಿ ಯಾವ ಆಲ್ಬಮ್ಮಿನ ಹಾಡನ್ನಾದರೂ ಒಂದು ಸಲ ಅಂಗಡಿಯ ಮೂಲೆಯಲ್ಲಿ ನಿಂತು ಪುಕ್ಕಟೆ ಕೇಳಬಹುದು. ಕೂರುವ ಹಾಗಿಲ್ಲ, ಕೂತರೆ ಏಳುವುದಿಲ್ಲ. ಇನ್ನೊಂದು ನಮಗೆ: ಕೇಳದ್ದನ್ನು ಮಾರಬಾರದು.

ನಾನು ಆ ಮೂರು ಹಾಡು ಕೇಳಿಲ್ಲ. ಕೇಳುವುದೂ ಇಲ್ಲ. ಮೋಸದ ಸಾಮಾನಿಗೆ ಕಿವಿ ಕೊಟ್ಟರೆ ಅರ್ಧ ಒಪ್ಪಿಕೊಂಡ ಹಾಗೆ. ನಿಯಮ ಮುರಿದಂತೆಯೂ ಆಗುವುದಿಲ್ಲ. ಕೇಳದ್ದನ್ನು ಮಾರಬಾರದು ತಾನೆ? ನಾನು ಮಾರುತ್ತಿಲ್ಲವಲ್ಲ, ಬೇಡ ಅನ್ನುತ್ತಿದ್ದೇನೆ.

ಯಾರಿಗೆ ಮಾಡಿದೆ, ಯಾರಿಗೆ ಬಾಕಿ ಎಂದು ಗುರುತು ಹಾಕಲು ಕಾಗದ ಸಿಗಲಿಲ್ಲ. ಚೀಲದಲ್ಲಿದ್ದ ಅರ್ಜಿಯ ಹಿಂಬದಿ ಉಪಯೋಗಕ್ಕೆ ಬಂತು.

ಮಾರ್ಚ್ 7, ಗುರುವಾರ

ಲಿಫ್ಟಿನ ತಾತ ನೀಲಿ ಪುಸ್ತಕದಲ್ಲಿ ಒಂದನೆಯವರು. ಹಿಂದಿನ ಬೀದಿಯ ಆರು ಮಹಡಿಯ ಕಚೇರಿ ಕಟ್ಟಡದಲ್ಲಿ ಹಳೆಯ ಲಿಫ್ಟು ಓಡಿಸುತ್ತಾರೆ. ಸ್ಟೂಲಿನ ಕೆಳಗೆ ಪ್ಲೇಯರು ಇಟ್ಟುಕೊಂಡು ‘ಮೂರನೇ ಮಹಡಿ’ಯನ್ನು ಮೆಲ್ಲಗೆ ಹಾಕಿರುತ್ತಾರೆ. ನೆಲದಿಂದ ಆರಕ್ಕೆ ಹೋಗುವಷ್ಟರಲ್ಲಿ ಒಂದು ಚರಣ ಮುಗಿಯುತ್ತದಂತೆ.

ಊಟದ ಬಿಡುವಿನಲ್ಲಿ ಫೋನಿಗೆ ಸಿಕ್ಕರು. ನಾನು ಹೇಳಬೇಕಾದ್ದನ್ನು ಹೇಳಿದೆ.

“ಮೊನ್ನೆ ರೇಡಿಯೊದಲ್ಲಿ ಅರ್ಧ ನಿಮಿಷ ಹಾಕಿದ್ರು ಮಗಾ. ಹಾಡ್ತಾ ಹಾಡ್ತಾ ನಿಲ್ಲಿಸಿಬಿಡ್ತಾಳೆ, ನಗ್ತಾಳೆ. ಆಮೇಲೆ ಏನಾಯ್ತೋ, ಜಾಹೀರಾತು ಬಂತು. ಅದು ಇದರಲ್ಲಿ ಇದ್ಯಾ?”

“ಇಲ್ಲ ತಾತ. ಇದೆಲ್ಲ ಹಳೇದನ್ನೇ ಬಿಸಿ ಮಾಡಿರೋದು.”

“ಗೊತ್ತು ತಾನೆ ನಿಂಗೆ?”

“ಗೊತ್ತು.”

“ಸರಿ ಬಿಡು. ನೀನು ಹೇಳಿದ್ಮೇಲೆ ಮುಗೀತು. ನೀನು ಸುಳ್ಳು ಹೇಳೋಳಲ್ಲ.”

ಹೌದು, ಹೇಳುವವಳಲ್ಲ.

ಮಾರ್ಚ್ 9, ಶನಿವಾರ

ಉಳಿದವರಿಗೂ ಫೋನ್ ಮಾಡಿ ಮುಗಿಸಿದೆ. ನಲವತ್ತು ಪ್ರತಿ ಬಂದಿದ್ದವು. ಹೋದದ್ದು ಏಳು. ಅದರಲ್ಲಿ ಎರಡು ಹಳದಿ ಸ್ಕೂಟರಿನದು. ಮೋಸಕ್ಕೆ ನನ್ನ ಕೈಲಾದ ಅಡ್ಡಗಾಲು ಹಾಕಿದ್ದೇನೆ.

ಮಾರ್ಚ್ 13, ಬುಧವಾರ

ಜಗಳದ ಟೀಚರು ಅಂಗಡಿಗೆ ಬಂದರು. ಸೂಜಿಮಾಮ ಹೊಸದನ್ನು ತೆಗೆದು ತೋರಿಸಿದರು.

“ಅಯ್ಯೋ ಬೇಡಪ್ಪ. ಉಳಿದದ್ದು ಬಳಿದದ್ದು ಅಂತ ನಿಮ್ಮ ಹುಡುಗಿನೇ ಫೋನಲ್ಲಿ ಹೇಳಿದ್ಲು. ನಿಮ್ಮಂಗಡೀಲಿ ನೀವೊಂದು, ಅವಳೊಂದು ಹೇಳಿದ್ರೆ ನಾವು ಯಾರನ್ನ ನಂಬೋದು?”

ಈಗ ಬಯ್ಯುತ್ತಾರೆ, ಈಗ ಹೊರಡು ಅನ್ನುತ್ತಾರೆ ಎಂದು ಕಾದೆ. ಸೂಜಿಮಾಮ ಆಲ್ಬಮ್ಮನ್ನು ಮತ್ತೆ ಕಪಾಟಿನಲ್ಲಿಟ್ಟರು.

“ಅವಳನ್ನೇ ನಂಬಿ. ನಾನು ಈ ಹೊಸದನ್ನ ಇನ್ನೂ ಕೇಳಿಲ್ಲ, ಕಿವಿ ನೋವು. ಅವಳು ಕೇಳಿ ಹೇಳಿದಾಳೆ.”

ಟೀಚರು ಹೋದರು. ಆಮೇಲೆ ನನ್ನ ಕಡೆ ತಿರುಗಿ, “ಕೇಳಿದೀಯಲ್ಲ?” ಅಂದರು.

ನಾನು ತಲೆ ಆಡಿಸಿದೆ. ಹೌದು ಅಂತ ಬಾಯಿಬಿಟ್ಟು ಹೇಳಲಿಲ್ಲ. ಆಡಿಸಿದೆ, ಅಷ್ಟೆ.

“ಹಿಡಿಸದಿದ್ರೆ ಹಿಡಿಸಲಿಲ್ಲ ಅಂದಿದ್ದು ತಪ್ಪಲ್ಲ. ನಷ್ಟ ಆದ್ರೂ ಪರವಾಗಿಲ್ಲ. ಆದ್ರೆ ಇಪ್ಪತ್ತೆರಡಕ್ಕೆ ಕಂಪನಿ ವ್ಯಾನು ಬರುತ್ತೆ. ಅರ್ಧಕ್ಕಿಂತ ಜಾಸ್ತಿ ವಾಪಸ್ ಕೊಟ್ಟ ಅಂಗಡಿಗೆ ಇನ್ನು ಮುಂದೆ ನೇರವಾಗಿ ಮಾಲು ಕಳಿಸಲ್ಲವಂತೆ. ಏನ್ಮಾಡೋದು, ಸೂಜಿ ಬದಲಾಯಿಸಿಕೊಂಡು ಬದುಕೋಣ.”

ನಕ್ಕರು. ನನಗೆ ನಗು ಬರಲಿಲ್ಲ. ಕಂಪನಿಯವರ ದುರಾಸೆ ನೋಡು! ಒಂದೇ ಮನೆಯನ್ನು ಎರಡು ಸಲ ಮಾರದಿದ್ದರೆ ಅಂಗಡಿಗೇ ಬೀಗ ಹಾಕಿಸುತ್ತಾರಂತೆ. ತಪ್ಪೆಲ್ಲ ಅವರದು. ಪೂರ್ತಿ ಅವರದು.

ಮಾರ್ಚ್ 14, ಗುರುವಾರ

ಆಡಿಸಿದೆ ಅಷ್ಟೆ ಎಂದು ಬರೆದಿದ್ದೇನೆ. ಮೇಲೆ ಕೆಳಗೆ ಆಡಿಸಿದೆ.

ಮಾರ್ಚ್ 16, ಶನಿವಾರ

ಮನೆಯಲ್ಲೇ ಕಳ್ಳತನ! ಅಕ್ಕನ ಬಟ್ಟೆಯ ಗೂಡಿನಲ್ಲಿ ಸೂಜಿದಾರ ಹುಡುಕುತ್ತಿದ್ದೆ. ದುಪಟ್ಟಾ ಸುತ್ತಿಟ್ಟ ಏನೋ ಕೈಗೆ ಸಿಕ್ಕಿತು. ಚಿನ್ನದ ಬಣ್ಣದ ಚೀಟಿ. ನಮ್ಮಂಗಡಿಯಲ್ಲಿ ಕೊಂಡದ್ದಲ್ಲ, ಬಸ್ ನಿಲ್ದಾಣದ ಅಂಗಡಿಯದು. ನನ್ನ ಕಣ್ಣು ತಪ್ಪಿಸಲು ಅಷ್ಟು ದೂರ ಹೋಗಿದ್ದಾಳೆ.

ಅಕ್ಕ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವಳು. ಸಂಜೆ ಬೆರಳ ತುದಿಯೆಲ್ಲ ಬಿಳಿಬಿಳಿ ಮಾಡಿಕೊಂಡು ಬಂದಳು. ಅದನ್ನು ಅವಳ ಮುಂದೆ ಹಿಡಿದೆ.

“ನಾಚಿಕೆ ಆಗಲ್ವಾ ನಿಂಗೆ? ಒಂದೇ ಸಾಮಾನನ್ನ ಎರಡು ಸಲ ಕೊಳ್ಳೋಕೆ?”

“ಇಲ್ಲ. ನನ್ನ ಸಂಬಳ, ನನ್ನ ಕಿವಿ.”

“ನಿನ್ನಂಥೋರಿಂದಲೇ ಅವರು ನಮ್ಮ ತಲೆ ಸವರೋದು.”

“ಸವರಲಿ ಬಿಡು. ಹದಿನಾಲ್ಕನೇದು ಕೇಳಿದ್ಮೇಲೆ ಬಯ್ಯೋಕೆ ಮನಸ್ಸು ಬರಲಿಲ್ಲ. ನೀನು ಕೇಳಿ ಹೇಗೆ ಬಯ್ತೀಯೋ ಮಹಾರಾಯ್ತಿ.”

“ನಾನ್ಯಾಕೆ ಕೇಳ್ಲಿ?”

ಅಕ್ಕ ಕೈ ಒರೆಸಿಕೊಳ್ಳುತ್ತಿದ್ದವಳು ನಿಂತಳು.

“ಕೇಳಿಲ್ವಾ? ಮತ್ತೆ ಊರಿಗೆಲ್ಲ ಫೋನ್ ಮಾಡಿ ಹೇಳಿದೆ ಅಂದೆಯಲ್ಲ?”

ಅಮ್ಮ ಆಸ್ಪತ್ರೆಯ ಲಾಂಡ್ರಿಯಿಂದ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು. ಇಡೀ ದಿನ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದವಳು ಇಬ್ಬರನ್ನೂ ನೋಡಿ, “ಒಂದು ಹಾಡಿಗೆ ಇಷ್ಟು ಗಲಾಟೆಯಾ? ಅದು ಹಾಡೋಳಿಗೆ ಗೊತ್ತಾ, ಇಲ್ಲಿ ನೀವು ಕಿತ್ತಾಡ್ತಿರೋದು?” ಅಂದಳು.

ಅಕ್ಕ ಕೇಳಿದ್ದು ಉತ್ತರ ಕೊಡಬೇಕಾದ ಪ್ರಶ್ನೆಯೇ ಅಲ್ಲ.

ಮಾರ್ಚ್ 17, ಭಾನುವಾರ

ಅಕ್ಕ ಗೆಳತಿಯ ಮನೆಗೆ, ಅಮ್ಮ ಹೆಚ್ಚುವರಿ ಪಾಳಿಗೆ ಹೋಗಿದ್ದರು. ಬೆಳಿಗ್ಗೆ ಹತ್ತು ಗಂಟೆ. ಬಾಗಿಲು ಹಾಕಿಕೊಂಡು ಅಕ್ಕನ ಡಿಸ್ಕು ಕೇಳಿದೆ.

ಹನ್ನೆರಡನೆಯದು ಎರಡನೆಯದೇ, ಡ್ರಮ್ಮು ಜಾಸ್ತಿ. ಕಸ. ಹದಿಮೂರನೆಯದು ಐದನೆಯದೇ, ವೇದಿಕೆಯ ಮೇಲೆ ಹಾಡಿದ್ದು. ಜನರ ಕಿರುಚಾಟವೇ ಮುಕ್ಕಾಲು. ಅದೂ ಕಸ. ನಾನು ಹೇಳಿದ್ದು ಸರಿಯಿತ್ತು ಎಂದು ಎದ್ದು ಕೂತೆ.

ಹದಿನಾಲ್ಕನೆಯದರಲ್ಲಿ ವಾದ್ಯವೇ ಇಲ್ಲ. ಅವಳು ಮಾತ್ರ. ದೂರದಲ್ಲಿ ಯಾರೋ ಬಕೆಟ್ಟು ಎಳೆದ ಸದ್ದು. ಎರಡು ಸಾಲು ಹಾಡುತ್ತಾಳೆ, ಮೂರನೆಯದರಲ್ಲಿ ದನಿ ಒಡೆಯುತ್ತದೆ. ನಿಲ್ಲಿಸುತ್ತಾಳೆ. ನಗುತ್ತಾಳೆ. “ತಡಿ, ಇನ್ನೊಂದ್ಸಲ” ಅನ್ನುತ್ತಾಳೆ, ಯಾರಿಗೋ. ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಅದೇ ಜಾಗಕ್ಕೆ ಬಂದಾಗ ದನಿ ಮತ್ತೆ ಒಡೆಯುತ್ತದೆ. ಈ ಸಲ ನಿಲ್ಲಿಸುವುದಿಲ್ಲ. ಒಡೆದ ದನಿಯಲ್ಲೇ ಕೊನೆಯವರೆಗೆ ಹೋಗುತ್ತಾಳೆ.

ನಾಲ್ಕು ಸಲ ಕೇಳಿದೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದನ್ನು ಮೊದಲೇ ಯಾಕೆ ಹಾಕಲಿಲ್ಲ? ಎರಡು ಕಸದ ಜೊತೆ ಕಟ್ಟಿ ಯಾಕೆ ಮಾರುತ್ತಾರೆ? ಹಾಡು ಕೆಟ್ಟದಾಗಿದ್ದರೆ ಮೋಸ ಚಿಕ್ಕದು, ಕೊಳ್ಳದಿದ್ದರಾಯಿತು. ಚೆನ್ನಾಗಿರುವುದರಿಂದಲೇ ಇದು ದೊಡ್ಡ ಮೋಸ.

ತಾತ ಕೇಳಿದ್ದು ಇದನ್ನೇ. ಇಲ್ಲ ಅಂದೆ. ಗೊತ್ತಾ ಅಂದರು. ಗೊತ್ತು ಅಂದೆ.

ಬೇಕರಿಯ ಬ್ರೆಡ್ಡನ್ನಾದರೂ ಮುಟ್ಟಿ ನೋಡಿ ಹೇಳಿದ್ದೆ.

ಮಾರ್ಚ್ 18, ಸೋಮವಾರ

ಸೂಜಿಮಾಮ ಶಟರು ಎತ್ತುತ್ತಿದ್ದ ಹಾಗೆಯೇ, ಹಾಡು ಕೇಳದೇ ಫೋನ್ ಮಾಡಿದ್ದನ್ನು ಹೇಳಿದೆ. ನಿಲ್ಲಿಸಿ ನಿಲ್ಲಿಸಿ ಹೇಳಿದರೆ ಮುಗಿಯುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಶಟರು ಅರ್ಧದಲ್ಲೇ ನಿಂತಿತು. ಅವರೂ ಬಗ್ಗಿದಲ್ಲೇ ನಿಂತರು.

“ಬುಧವಾರ ತಲೆ ಆಡಿಸಿದೆಯಲ್ಲ?”

“ಆಡಿಸಿದೆ.”

“ನಾನು ಟೀಚರಮ್ಮನಿಗೆ ಮಾತು ಕೊಟ್ಟೆ ನಿನ್ನ ಮೇಲೆ.”

“ಕೊಟ್ರಿ.”

ಇಷ್ಟಾದ ಮೇಲೆ ಏಪ್ರನ್ ಬಿಚ್ಚಿ ಅವರ ಕೈಗೆ ಕೊಡುವುದೇ ಸರಿ ಅನ್ನಿಸಿತು. ಗಂಟಿಗೆ ಕೈ ಹಾಕಿದೆ.

“ಅದನ್ನ ಮುಟ್ಟಬೇಡ!” ಸೂಜಿಮಾಮ ಕೂಗಿದ್ದನ್ನು ನಾನು ಕೇಳಿದ್ದು ಇದೇ ಮೊದಲು. “ಬಿಟ್ಟು ಹೋದ್ರೆ ಆ ಅರವತ್ಮೂರು ಜನಕ್ಕೆ ಯಾರು ಹೇಳ್ತಾರೆ, ನಿಮ್ಮಪ್ಪನಾ? ಪುಸ್ತಕ ತಗೋ. ಮೊದಲನೇ ನಂಬರಿಂದ ಶುರು ಮಾಡು.”

ಮೊದಲನೆಯವರು ತಾತ. ಫೋನ್ ಸ್ವಿಚ್ ಆಫ್ ಆಗಿತ್ತು.

ಮಾರ್ಚ್ 20, ಬುಧವಾರ

ನಾಲಿಗೆ ಒಣಗಿದೆ. ಎಲ್ಲರಿಗೂ ಹೇಳಿದ್ದು ಒಂದೇ: “ಉಳಿದದ್ದು ಬಳಿದದ್ದು ಅಂತ ಹೇಳಿದ್ದೆ. ಆಗ ಕೇಳಿರಲಿಲ್ಲ. ತಪ್ಪಾಯ್ತು. ಈಗ ಕೇಳಿದೀನಿ. ಎರಡು ಕಸ, ಒಂದು ಚೆನ್ನಾಗಿದೆ. ಆದರೂ ಹನ್ನೊಂದನ್ನ ಮತ್ತೆ ಕೊಳ್ಳಬೇಕಾಗಿರೋದು ಅನ್ಯಾಯ. ಬಂದು ನಿಂತು ಕೇಳಿ, ಆಮೇಲೆ ನೀವೇ ನೋಡಿ.”

ಒಬ್ಬರು ಯಾವ ಬ್ಯಾಂಕಿನಿಂದ ಅಂದರು. ಒಬ್ಬರು ಅತ್ತರು, ಅದು ಬೇರೆ ಕಾರಣಕ್ಕೆ. ಹಲ್ಲಿನ ಡಾಕ್ಟರು, “ಮೊದಲು ಕೀಳಬೇಕು ಅಂದು ಆಮೇಲೆ ಬೇಡ ಅಂದ ಹಾಗಾಯ್ತಲ್ಲಮ್ಮ” ಅಂದರು. ಜಗಳದ ಟೀಚರು ಹತ್ತು ನಿಮಿಷ ಬಯ್ದರು. ಎದುರು ಮಾತಾಡದೆ ಕೇಳಿಸಿಕೊಂಡೆ, ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಂಜೆ ಬಂದು ಮೂಲೆಯಲ್ಲಿ ನಿಂತು ಕೇಳಿದರು. ಒಂದು ತೆಗೆದುಕೊಂಡು, “ಹಾಡಿಗೆ ತಗೊಂಡಿದ್ದು, ನಿನ್ನ ಮುಖಕ್ಕಲ್ಲ” ಅಂದರು.

ಇದು ಕ್ಷಮೆ ಕೇಳುವುದಲ್ಲ. ತಪ್ಪು ಹೇಳಿದ್ದನ್ನು ಸರಿಮಾಡುವುದು. ಬೇರೆ ಬೇರೆ.

ಕಿಟಕಿಯಲ್ಲಿ ಒಂದು ರಟ್ಟು ಇಟ್ಟೆ: ‘ಹಳೆಯದು ಇರುವವರ ಗಮನಕ್ಕೆ. ಹೊಸ ಹಾಡು ಮೂರು. ಚೆನ್ನಾಗಿರುವುದು ಒಂದು. ಹಳೆಯದನ್ನು ತಂದು ತೋರಿಸಿದವರು ಹದಿನಾಲ್ಕನೆಯದನ್ನು ಎಷ್ಟು ಸಲ ಬೇಕಾದರೂ ನಿಂತು ಕೇಳಬಹುದು.’ ಸೂಜಿಮಾಮ ಓದಿ, ‘ನಿಂತು’ ಎಂಬುದರ ಕೆಳಗೆ ಗೆರೆ ಎಳೆದರು.

ಅರ್ಜಿಯ ಹಿಂಬದಿ ತುಂಬಿ ಹೋಗಿದೆ. ಅರವತ್ತೆರಡು ಗುರುತು. ತಾತನ ಫೋನ್ ಇನ್ನೂ ಆಫ್.

ಮಾರ್ಚ್ 21, ಗುರುವಾರ

ಅಂಗಡಿಯ ಪ್ಲೇಯರನ್ನೂ ಹೆಡ್‌ಫೋನನ್ನೂ ಚೀಲಕ್ಕೆ ಹಾಕಿಕೊಂಡು ಆ ಕಟ್ಟಡಕ್ಕೇ ಹೋದೆ. ತಾತ ಲಿಫ್ಟಿನಲ್ಲೇ ಇದ್ದರು. ಫೋನು ಬಕೆಟ್ಟಿಗೆ ಬಿದ್ದು ರಿಪೇರಿಗೆ ಹೋಗಿತ್ತಂತೆ.

“ಎಷ್ಟನೇ ಮಹಡಿ ಮಗಾ?”

“ನಿಮ್ಮ ಹತ್ರನೇ ಬಂದೆ. ಅವತ್ತು ಕೇಳಿದ್ರಲ್ಲ, ನಿಲ್ಲಿಸಿ ನಗ್ತಾಳೆ ಅಂತ. ಅದು ಇದರಲ್ಲಿ ಇದೆ. ನಾನು ಕೇಳದೇ ಇಲ್ಲ ಅಂದುಬಿಟ್ಟೆ. ಸುಳ್ಳು ಹೇಳಿದೆ ತಾತ.”

ಫೈಲು ಹಿಡಿದವನೊಬ್ಬ ಬಂದ, ನಾಲ್ಕಕ್ಕೆ ಅಂದ. ಬಾಗಿಲೆಳೆದರು. ಅವನು ಇಳಿದ ಮೇಲೆ ನಾನು ಹೆಡ್‌ಫೋನ್ ಚಾಚಿದೆ. ತಾತ ಸ್ಟೂಲಿನಿಂದ ಎದ್ದರು.

“ಕೂತ್ಕೊಳ್ಳಿ ತಾತ.”

“ನಿಮ್ಮಂಗಡಿ ನಿಯಮ ನಿಂತು ಕೇಳೋದು ತಾನೆ? ನೀನು ಕೂತ್ಕೋ. ಬಾಗಿಲು ಪೂರ್ತಿ ಎಳೆದ ಮೇಲೇ ಗುಂಡಿ ಒತ್ತು.”

ನಾನು ಲಿಫ್ಟು ಓಡಿಸಿದೆ. ಅವರು ಮೂಲೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತರು. ಎರಡರಲ್ಲಿ ಮೂವರು ಹತ್ತಿದರು, ಐದರಲ್ಲಿ ಇಳಿದರು. ಆರಕ್ಕೆ ಹೋಗುವಾಗ ತಾತ ನಕ್ಕರು. ಅವಳು ನಕ್ಕದ್ದು ಆಗಲೇ ಎಂದು ನನಗೆ ಗೊತ್ತಾಯಿತು. ಕೆಳಗೆ ಇಳಿಯುವಾಗ ನಗು ಹೋಗಿ, ತುಟಿ ಬಿಗಿಹಿಡಿದು ಕೇಳುತ್ತಿದ್ದರು. ನೆಲಕ್ಕೆ ಬಂದರೂ ಮುಗಿದಿರಲಿಲ್ಲ. ಹೊರಗೆ ನಿಂತವರಿಗೆ ಒಂದು ನಿಮಿಷ ಅಂದೆ. ಯಾಕೆ ಅಂದರು. ಹಾಡು ಮುಗೀಬೇಕು ಅಂದೆ.

ತಾತ ಹೆಡ್‌ಫೋನ್ ತೆಗೆದು ವೈರು ಸುತ್ತಿ ಕೊಟ್ಟರು.

“ಇದೇ. ಕೊನೆಗೂ ಗೊತ್ತಾಯ್ತು, ಆಮೇಲೆ ಏನಾಗುತ್ತೆ ಅಂತ.”

“ಒಂದು ತೆಗೆದಿಡ್ಲಾ?”

“ಬೇಡ. ಒಂದಕ್ಕೋಸ್ಕರ ಹನ್ನೊಂದನ್ನ ಮತ್ತೆ ಕೊಳ್ಳೋದು ಅನ್ಯಾಯ ಮಗಾ. ಅದು ನೀನು ಅವತ್ತು ಹೇಳಿದ್ದೇ ಸರಿ. ಸಂಜೆ ಬಂದು ನಿಂತು ಕೇಳ್ತೀನಿ.” ಸ್ಟೂಲಿನ ಮೇಲೆ ಕೂತರು. “ಆದ್ರೆ ಇನ್ಮೇಲೆ ನೀನು ಏನು ಹೇಳಿದ್ರೂ, ಕೇಳಿದೀಯಾ ಅಂತ ಮೊದಲು ಕೇಳ್ತೀನಿ. ಬೇಜಾರು ಮಾಡ್ಕೋಬೇಡ.”

ಮಾಡಿಕೊಂಡೆ. ಅಂಗಡಿಯವರೆಗೂ ಮಾಡಿಕೊಂಡೇ ನಡೆದೆ.

ಮಾರ್ಚ್ 22, ಶುಕ್ರವಾರ

ವ್ಯಾನು ಬಂತು. ವಾಪಸು ಹೋದದ್ದು ಹದಿನೇಳು. ಅರ್ಧಕ್ಕಿಂತ ಮೂರು ಕಮ್ಮಿ. ವ್ಯಾನಿನವನು ರಟ್ಟು ಓದಿ, ಇದನ್ನು ತೆಗೀರಿ, ಕಂಪನಿಯವರು ನೋಡಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂದ. ಸೂಜಿಮಾಮ ಕಿವಿ ನೋವು, ಸರಿಯಾಗಿ ಕೇಳಿಸಲಿಲ್ಲ ಅಂದರು.

ಸಂಜೆ ತಾತ ಬಂದರು. ನಿಂತು ಕೇಳಿದರು, ಎರಡು ಸಲ.

ಮಾರ್ಚ್ 27, ಬುಧವಾರ

ಇವರಿಗೆ ಮಾನ ಮರ್ಯಾದೆ ಏನಾದರೂ ಇದೆಯಾ? ಕಂಪನಿಯಿಂದ ಹೊಸ ಭಿತ್ತಿಪತ್ರ ಬಂದಿದೆ: ‘ಮೂರನೇ ಮಹಡಿ, ತಾರಸಿ ಮತ್ತು ನೆಲಮಾಳಿಗೆ ಸಹಿತ! ಜೂನ್ ತಿಂಗಳಲ್ಲಿ!’ ಇನ್ನು ಪಾಯ ಅಗೆದು ಮಾರುವುದೊಂದು ಬಾಕಿ. ಸೂಜಿಮಾಮನ ಮುಂದೆ ಅರ್ಧ ಗಂಟೆ ಕೂಗಾಡಿದೆ. ಅಕ್ಕನ ಮುಂದೆ ಇನ್ನರ್ಧ ಗಂಟೆ. ಅಕ್ಕ ಈ ಸಲ ಕೊಳ್ಳಲ್ಲ ಅಂದಳು. ನೋಡೋಣ.

ಆ ಅರ್ಜಿಯ ಹಿಂದೆ ಪೂರ್ತಿ ಗೀಚಿ ಹಾಳಾಗಿದೆ, ಇನ್ನೊಂದು ತಂದಿಡು ಎಂದು ಅಮ್ಮನಿಗೆ ಮೊನ್ನೆ ಹೇಳಿದ್ದೆ. ಬರೆಯುತ್ತೇನೆ ಅಂತಲ್ಲ, ಅವಳು ತಂದದ್ದನ್ನು ಹಾಳು ಮಾಡಿದ್ದೆನಲ್ಲ, ಅದಕ್ಕೆ. ಇವತ್ತು ತಂದಿದ್ದಾಳೆ. ಪೆನ್ನು ಕೈಯಲ್ಲೇ ಇತ್ತು, ಹೆಸರು ಹುಟ್ಟಿದ ದಿನ ತುಂಬಿದೆ. ‘ಶಾಲೆ ಬಿಟ್ಟ ಕಾರಣ’ ಎಂಬ ಜಾಗ ಒಂದೇ ಸಾಲಿನದು. ಅಷ್ಟರಲ್ಲಿ ಹೇಗೆ ಬರೆಯುವುದು? ಹೆಚ್ಚಿಗೆ ಹಾಳೆ ಲಗತ್ತಿಸಬಹುದೇ ಎಂದು ನಾಳೆ ವಿಚಾರಿಸಬೇಕು.

ನೆಲಮಾಳಿಗೆಯಂತೆ! ಬರಲಿ. ಮೊದಲು ಕೇಳುತ್ತೇನೆ. ಆಮೇಲೆ ಇದೆ ಅವರಿಗೆ.